ಬೀಗ ಹಾಕಿದ ಲ್ಯಾಬಿಗೆ ಯಾವ ಓಎಸ್?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿತು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಅವತ್ತು ಅದನ್ನು ಗಮನಿಸಲು ಯಾರೂ ಇರಲಿಲ್ಲ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಗಿತ್ತು. ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆ ಮನೆ ಸುತ್ತುತ್ತಿದ್ದರು. ಶಾಲೆಯ ಕಂಪ್ಯೂಟರುಗಳ ಬಗ್ಗೆ ಮಾತಾಡುವಾಗ ಈ ಚಿತ್ರವನ್ನು ಮರೆಯಬಾರದು. ಯಂತ್ರ ಹಳತಾಗುವ ಮೊದಲೇ ಶಿಕ್ಷಕರ ಸಮಯ ಬೇರೆ ಕೆಲಸಕ್ಕೆ ಹೋಗಿರುತ್ತದೆ.

ಅಪ್‌ಡೇಟ್ ನಿಂತಿತೆಂದರೆ ಕಂಪ್ಯೂಟರ್ ನಿಂತಿತೆಂದಲ್ಲ. ವಿಂಡೋಸ್ 10 ಇವತ್ತೂ ಓಡುತ್ತದೆ, ನಾಳೆಯೂ ಓಡುತ್ತದೆ. ಆದರೆ ಹೊಸದಾಗಿ ಕಂಡುಬರುವ ಭದ್ರತಾ ತೂತುಗಳಿಗೆ ಪುಕ್ಕಟೆ ತೇಪೆ ಹಾಕುವವರು ಇರುವುದಿಲ್ಲ. ಹಾಗಾದರೆ ವಿಂಡೋಸ್ 11 ಹಾಕಿಸೋಣವೆಂದರೆ ಅದು ಕೇಳುವುದು ಹೆಚ್ಚು: ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ಆ ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅಲ್ಲಿಗೆ, 2018ಕ್ಕೂ ಮೊದಲು ಸರ್ಕಾರ ಕೊಟ್ಟ, ದಾನಿಗಳು ಕೊಟ್ಟ, ಹಳೆ ವಿದ್ಯಾರ್ಥಿಗಳ ಸಂಘ ಕೊಡಿಸಿದ ಬಹುತೇಕ ಕಂಪ್ಯೂಟರುಗಳು ಕಂಪನಿಯ ಲೆಕ್ಕದಲ್ಲಿ ಮುಂದಿನ ತರಗತಿಗೆ ಪಾಸಾಗುವುದಿಲ್ಲ.

ಆದ್ದರಿಂದಲೇ ಹಳೆಯ ಪ್ರಶ್ನೆ ಮತ್ತೆ ಎದ್ದಿದೆ. ನಮ್ಮ ಶಾಲೆಗಳು ವಿಂಡೋಸ್ ಬಿಟ್ಟು ಲಿನಕ್ಸ್‌ನಂಥ ಸ್ವತಂತ್ರ ಓಎಸ್‌ಗೆ ಹೋಗಬೇಕೇ?

ಓಎಸ್ ಎಂದರೆ ಕಾರ್ಯಾಚರಣೆ ವ್ಯವಸ್ಥೆ. ಕೀಲಿಮಣೆ, ಪರದೆ, ಪ್ರಿಂಟರ್, ಕಡತ ಎಲ್ಲದರ ಮೇಲೂ ಅದರದೇ ಯಜಮಾನಿಕೆ. ವಿಂಡೋಸ್‌ನ ಯಜಮಾನ ಒಂದು ಕಂಪನಿ. ಲಿನಕ್ಸ್‌ಗೆ ಅಂಥ ಒಡೆಯನಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಸ್ವತಂತ್ರ ಓಎಸ್ ಕಟ್ಟುವ ಯೋಜನೆ ಘೋಷಿಸಿದರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್, ಅಂದರೆ ಓಎಸ್ ತಿರುಳು, ಬರೆದರು. ಎರಡೂ ಕೂಡಿ ಆದ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ದಾವಣಗೆರೆ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ನಾಟಿ ರಾಗಿಯ ಬೀಜವನ್ನಾದರೆ ಕಣಜದಲ್ಲಿ ಇಟ್ಟುಕೊಳ್ಳಬಹುದು, ಪಕ್ಕದ ಹೊಲದವನಿಗೂ ಎರಡು ಸೇರು ಕೊಡಬಹುದು. ಹಾಗೆಂದು ಹೈಬ್ರಿಡ್ ಬಿತ್ತುವ ರೈತ ದಡ್ಡನೇನಲ್ಲ. ಇಳುವರಿ ನೋಡಿಯೇ ಬಿತ್ತುತ್ತಾನೆ. ಶಾಲೆಗೂ ಕೇಳಬೇಕಾದದ್ದು ಅದೇ: ಇಳುವರಿ ಎಷ್ಟು?

ಸ್ವತಂತ್ರ ತಂತ್ರಾಂಶದ ಪರ ಮಾತಾಡುವವರು ಮೊದಲು ಎತ್ತುವುದು ದುಡ್ಡಿನ ಮಾತು. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕಾದ ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಇಟ್ಟಿರುವ ದರ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಸಂಸ್ಥೆ ಕಂಪನಿಯ ಪರವಾನಗಿ ಯೋಜನೆಯೊಳಗೆ ಇರಬೇಕು ಎಂಬ ಷರತ್ತು ಇದೆ, ನಿಜ. ಆದರೂ ಒಂದು ಡಾಲರ್‌ಗೆ ಯಾವ ಶಾಲೆಯೂ ದಿವಾಳಿಯಾಗದು. ಶಾಲೆಗಳಿಗೆ ಕಂಪನಿ ಯಾವತ್ತೂ ಅಗ್ಗಕ್ಕೇ ಕೊಡುತ್ತದೆ. ಹದಿಮೂರನೇ ವಯಸ್ಸಿನಲ್ಲಿ ಕೈಗೆ ಹತ್ತಿದ ರೂಢಿ ಮೂವತ್ತರಲ್ಲಿ ಕಚೇರಿಯ ಖರೀದಿಯಾಗುತ್ತದೆಂದು ಅದಕ್ಕೆ ಗೊತ್ತು.

ಇನ್ನೊಂದು ಕಡೆಯ ಲೆಕ್ಕವೂ ಸ್ವಲ್ಪ ಉಬ್ಬಿದ್ದೇ. 2019ರಲ್ಲಿ ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ 'ಕೈಟ್', ಎರಡು ಲಕ್ಷ ಕಂಪ್ಯೂಟರುಗಳಿಗೆ ಸ್ವತಂತ್ರ ಓಎಸ್ ಬಳಸುವುದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದಿತು. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಒಂದೂವರೆ ಲಕ್ಷ. ಓಎಸ್ ಜತೆಗೆ ಚಿತ್ರ, ವಿಡಿಯೊ, ನಕ್ಷೆ, ಲೆಕ್ಕಪತ್ರ ಎಲ್ಲದರ ತಂತ್ರಾಂಶವನ್ನೂ ಪೂರ್ತಿ ಬೆಲೆಗೆ ಕೊಂಡರೆ ಆಗಬಹುದಾದ ಮೊತ್ತ ಅದು. ಹಾಗೆ ಕೊಳ್ಳುವ ಶಾಲೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಆ 3,000 ಕೋಟಿಯನ್ನು ಬದಿಗಿಟ್ಟರೂ ಕೇರಳದ ಕಥೆ ನಮಗೆ ಬೇಕು. ಅದರಲ್ಲಿ ಕನ್ನಡ ಮಕ್ಕಳೂ ಇದ್ದಾರೆ.

ಕೇರಳದ 'ಐಟಿ ಅಟ್ ಸ್ಕೂಲ್' ಯೋಜನೆ ಶುರುವಾದದ್ದು 2001ರಲ್ಲಿ. ಅದಕ್ಕೆ ದಾರಿ ಹಾಕಿಕೊಟ್ಟ ಕಾರ್ಯಪಡೆಯ ಮುಖ್ಯಸ್ಥರು ಯಾರೆಂದರೆ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ, ಇಸ್ರೊ ಅಧ್ಯಕ್ಷರಾಗಿದ್ದ ಯು.ಆರ್. ರಾವ್. ಕನ್ನಡಿಗರೊಬ್ಬರು ಕೊಟ್ಟ ಸಲಹೆಯನ್ನು ಪಕ್ಕದ ರಾಜ್ಯ ಗಟ್ಟಿಯಾಗಿ ಹಿಡಿದುಕೊಂಡಿತು. ಅದೇ ವರ್ಷ ಜುಲೈನಲ್ಲಿ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನಕ್ಕೆ ಚಾಲನೆ ಕೊಟ್ಟರು. ಮೊದಮೊದಲು ಕೇರಳದ ಶಾಲಾ ಪಾಠವೂ ವಿಂಡೋಸ್ ಮೇಲೇ ನಿಂತಿತ್ತು. ಸರ್ಕಾರಿ ಪಠ್ಯ ಒಂದು ಕಂಪನಿಯ ಸರಕಿಗೆ ಜೋತುಬೀಳಬಾರದೆಂದು ಶಿಕ್ಷಕರ ಸಂಘಟನೆಗಳೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ತಕರಾರು ತೆಗೆದರು. ವಿರೋಧ ಪಕ್ಷದಲ್ಲಿದ್ದ ವಿ.ಎಸ್. ಅಚ್ಯುತಾನಂದನ್ ಅದಕ್ಕೆ ದನಿಗೂಡಿಸಿದರು, 2006ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಪ್ರೌಢಶಾಲೆಗಳ ಲ್ಯಾಬು, ಪಠ್ಯ, ಪರೀಕ್ಷೆ ಮೂರೂ ಲಿನಕ್ಸ್‌ಗೆ ಬಂದಿದ್ದವು. ಯೋಜನೆ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಶಾಲೆಗೆ ತಕ್ಕಂತೆ ತಿದ್ದಿ ತನ್ನದೇ ಆವೃತ್ತಿಗಳನ್ನು ಅದು ಈಗಲೂ ಹೊರತರುತ್ತಿದೆ.

ಅಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೈವಳಿಕೆಯ ಕನ್ನಡ ಮಾಧ್ಯಮದ ಮಕ್ಕಳು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಲಿನಕ್ಸ್ ಮೇಲೆ ಕಲಿಯುತ್ತಿದ್ದಾರೆ. ಅವರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅದರಲ್ಲಿ ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಬಿಡಿಸುವುದಿದೆ, ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವುದಿದೆ, ಕ್ಯೂಜಿಐಎಸ್‌ನಲ್ಲಿ ಊರಿನ ನಕ್ಷೆ ಮಾಡುವುದಿದೆ. ಹತ್ತನೇ ತರಗತಿ ಮಗು ಶಾಲೆಯ ಸುತ್ತಲಿನ ರಸ್ತೆ, ಬಾವಿ, ಆಸ್ಪತ್ರೆಗಳನ್ನು ಪದರ ಪದರವಾಗಿ ನಕ್ಷೆಯ ಮೇಲೆ ಇಡುತ್ತದೆ. ಸೂಳೆಕೆರೆಯ ಅಚ್ಚುಕಟ್ಟನ್ನೋ ಜಗಳೂರಿನ ಒಣ ಕೆರೆಗಳನ್ನೋ ನಮ್ಮ ಮಕ್ಕಳು ಹಾಗೆ ನಕ್ಷೆಗೆ ಇಳಿಸುವುದನ್ನು ಊಹಿಸಿಕೊಳ್ಳಿ. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಿಲ್ಲ.

ಕೇರಳದಲ್ಲಿ ಇದು ನಿಂತದ್ದು ಸಿದ್ಧಾಂತದ ಬಲದಿಂದ ಎಂದು ಹಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಕಾರಣ ಇನ್ನೂ ಸರಳ. ಅಲ್ಲಿನ ಎಸ್‌ಎಸ್‌ಎಲ್‌ಸಿ ಒಟ್ಟು 650 ಅಂಕಗಳದ್ದು, ಅದರಲ್ಲಿ 50 ಐಟಿಯದ್ದು. ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮುಂದೆ, ಲಿನಕ್ಸ್ ಮೇಲೆ. ಪರೀಕ್ಷೆ ಇದೆ ಎಂದರೆ ವೇಳಾಪಟ್ಟಿಯಲ್ಲಿ ಪೀರಿಯಡ್ ಇರಲೇಬೇಕು. ಪೀರಿಯಡ್ ಇದ್ದರೆ ಲ್ಯಾಬಿನ ಬೀಗ ತೆಗೆಯಲೇಬೇಕು. ಬೀಗ ತೆಗೆದರೆ ಕೆಟ್ಟ ಮೌಸನ್ನು ಬದಲಿಸಲೇಬೇಕು. ಇದರ ಮೇಲೆ, ಪ್ರತಿ ಪ್ರೌಢಶಾಲೆಯಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕಲಿಸುವ ಶಿಕ್ಷಕರೊಬ್ಬರು ಶಾಲಾ ಐಟಿ ಸಂಯೋಜಕರಾಗಿರುತ್ತಾರೆ. ಅವರಿಗೆ ತರಬೇತಿ ಕೊಡುವ ಮಾಸ್ಟರ್ ಟ್ರೇನರುಗಳೂ ಇಲಾಖೆಯ ಶಿಕ್ಷಕರೇ, ಹೊರಗಿನ ಕಂಪನಿಯ ಕಡೆಯವರಲ್ಲ. 2018ರಿಂದ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕ್ಲಬ್ಬುಗಳೂ ಸೇರಿಕೊಂಡವು. ಯಂತ್ರ ಹದಗೆಟ್ಟರೆ ಮೊದಲು ಕೈಹಾಕುವುದು ಒಂಬತ್ತನೇ ತರಗತಿಯ ಮಕ್ಕಳು.

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ 625 ಅಂಕಗಳದ್ದು. ಆಯ್ದ ಕೆಲವು ಶಾಲೆಗಳಲ್ಲಿ ವೃತ್ತಿಪರ ವಿಷಯವಾಗಿ ಐಟಿ ತೆಗೆದುಕೊಳ್ಳುವ ಅವಕಾಶ ಇದೆ. ಅದನ್ನು ಬಿಟ್ಟರೆ ಸಾಮಾನ್ಯ ಪ್ರೌಢಶಾಲೆಯ ಮಗುವಿನ ಆ 625ರಲ್ಲಿ ಕಂಪ್ಯೂಟರಿಗೆ ಒಂದು ಅಂಕವೂ ಇಲ್ಲ. ಜನವರಿ ಬಂತೆಂದರೆ ಲ್ಯಾಬ್ ಪೀರಿಯಡ್ ಗಣಿತದ ವಿಶೇಷ ತರಗತಿಯಾಗುತ್ತದೆ, ಫಲಿತಾಂಶ ಇಳಿದರೆ ಉತ್ತರ ಹೇಳಬೇಕಾದ ಮುಖ್ಯ ಶಿಕ್ಷಕರನ್ನು ಅದಕ್ಕೆ ದೂರುವಂತೆಯೂ ಇಲ್ಲ. ಬೀಗ ಹಾಕಿದ ಲ್ಯಾಬಿನಲ್ಲಿ ವಿಂಡೋಸ್ ಇದ್ದರೇನು, ಲಿನಕ್ಸ್ ಇದ್ದರೇನು?

ಕರ್ನಾಟಕ ಸುಮ್ಮನೆ ಕೂತಿತ್ತು ಎಂದಲ್ಲ. ಕೇರಳ ಹೊರಟ ಹೊತ್ತಿಗೇ ನಾವೂ ಹೊರಟಿದ್ದೆವು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ 'ಮಾಹಿತಿ ಸಿಂಧು' ಬಂತು, ಸಾವಿರದಷ್ಟು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಲ್ಯಾಬು ಕೊಟ್ಟಿತು. ಆದರೆ ಕಲಿಸುವ ಕೆಲಸವನ್ನು ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಗಿತ್ತು. ಮುಂದಿನ ಐಸಿಟಿ ಯೋಜನೆಯೂ ಅದೇ ಜಾಡು ಹಿಡಿಯಿತು: ಕಂಪನಿ ಲ್ಯಾಬು ಕಟ್ಟುತ್ತದೆ, ಐದು ವರ್ಷ ನಡೆಸುತ್ತದೆ, ಆಮೇಲೆ ಶಾಲೆಗೆ ಬಿಟ್ಟುಕೊಟ್ಟು ಹೋಗುತ್ತದೆ. ಹೋಗುವಾಗ ಕಲಿಸುತ್ತಿದ್ದವರೂ ಅದರ ಹಿಂದೆ ಹೋದರು. ಶಾಲೆಯ ಕಾಯಂ ಮೇಷ್ಟ್ರಿಗೆ ಅದು ತನ್ನ ಲ್ಯಾಬು ಎಂದು ಅನ್ನಿಸಲೇ ಇಲ್ಲ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಈ ಎರಡು ರಾಜ್ಯಗಳ ದಾರಿಯನ್ನು ಹೋಲಿಸಿ, ಗುತ್ತಿಗೆ ಕೊಟ್ಟದ್ದು ಉಳಿಯುವುದಿಲ್ಲ, ಶಿಕ್ಷಕರ ಕೈಗೆ ಕೊಟ್ಟದ್ದು ಉಳಿಯುತ್ತದೆ ಎಂಬ ಅರ್ಥದ ಮಾತನ್ನು ಆಗಲೇ ಹೇಳಿತ್ತು.

ಅದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಕಳೆದ ದಶಕದ ಆರಂಭದಲ್ಲಿ ರಾಜ್ಯದ ಶೈಕ್ಷಣಿಕ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ, ಪ್ರೌಢ ಶಿಕ್ಷಣ ಅಭಿಯಾನ ಆರ್‌ಎಂಎಸ್‌ಎ ಮತ್ತು ಐಟಿ ಫಾರ್ ಚೇಂಜ್ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಎಸ್‌ಟಿಎಫ್ ಎಂಬ ಕಾರ್ಯಕ್ರಮ ನಡೆಸಿದವು. ತರಬೇತಿ ನಡೆದದ್ದು ಉಬುಂಟುವಿನಲ್ಲಿ. ಅಲ್ಲಿಯವರೆಗೆ ಮೌಸ್ ಹಿಡಿಯಲು ಅಳುಕುತ್ತಿದ್ದ ಶಿಕ್ಷಕರೂ ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆದರು, ಪಾಠದ ಕಡತ ಮಾಡಿದರು, ಒಬ್ಬರಿಗೊಬ್ಬರು ಕಳಿಸಿಕೊಂಡರು. 2013ರಲ್ಲಿ ಶುರುವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಭಂಡಾರ ಅವರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಮಾಡಿದ ಪಾಠಗಳಿಂದ ತುಂಬಿತು. 2016–17ರಲ್ಲಿ ಟಾಲ್ಪ್ ಎಂಬ ಸರ್ಕಾರಿ ಕಾರ್ಯಕ್ರಮ ಬಂದು ಲ್ಯಾಬು, ತರಬೇತಿ ಎರಡನ್ನೂ ಮುಂದುವರಿಸಿತು. ಕರ್ನಾಟಕದ ಮೇಷ್ಟ್ರುಗಳಿಗೆ ಲಿನಕ್ಸ್ ಬರುವುದಿಲ್ಲ ಎನ್ನುವವರು ಈ ಭಂಡಾರವನ್ನು ಒಮ್ಮೆ ತೆರೆದು ನೋಡಬೇಕು. ಕಲಿತವರಿದ್ದಾರೆ. ಕಲಿತದ್ದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಗಲಿಲ್ಲ, ಅಷ್ಟೇ.

ನೀತಿಗೂ ಕೊರತೆ ಇಲ್ಲ. 2012ರ ರಾಷ್ಟ್ರೀಯ ಶಾಲಾ ಐಸಿಟಿ ನೀತಿ ಸ್ವತಂತ್ರ, ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಬರೆದಿದೆ. ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೂ 2015ರಲ್ಲಿ ಮುಕ್ತ ತಂತ್ರಾಂಶ ನೀತಿ ತಂದಿತು. ಸಿ–ಡ್ಯಾಕ್ ರೂಪಿಸಿದ 'ಬಾಸ್' ಎಂಬ ಭಾರತೀಯ ಲಿನಕ್ಸ್‌ಗೆ ಶಾಲೆಗಳಿಗೆಂದೇ ಒಂದು ಆವೃತ್ತಿ ಇದೆ. ಕಡತಗಳಲ್ಲಿ ಎಲ್ಲ ಚೆನ್ನಾಗಿದೆ.

ಈಗ ತಾಲ್ಲೂಕಿಗೆ ಇಳಿಯೋಣ. ಶಾಲೆಯೊಂದರಲ್ಲಿ ಲಿನಕ್ಸ್ ಮಾತೆತ್ತಿದರೆ ಬರುವ ಮೊದಲ ಪ್ರಶ್ನೆ: 'ಸಾರ್, ಅದ್ರಲ್ಲಿ ನುಡಿ ಬರುತ್ತಾ?' ಇದು ಸಣ್ಣ ಪ್ರಶ್ನೆಯಲ್ಲ. ಪ್ರಶ್ನೆಪತ್ರಿಕೆ, ಟಿಪ್ಪಣಿ, ವರ್ಗಾವಣೆ ಅರ್ಜಿ, ಬಿಇಒ ಕಚೇರಿಗೆ ಹೋಗುವ ಪತ್ರ ಎಲ್ಲವೂ ವರ್ಷಾನುಗಟ್ಟಲೆ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಾಗಿವೆ, ಎರಡೂ ಹುಟ್ಟಿದ್ದು ವಿಂಡೋಸ್‌ಗಾಗಿ. ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಕೊಂಬು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅದನ್ನು ಕಂಡ ಗುಮಾಸ್ತರು ಲಿನಕ್ಸ್‌ಗೆ ಶಾಶ್ವತವಾಗಿ ಕೈಮುಗಿಯುತ್ತಾರೆ.

ಆದರೆ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ನಮಗೆಲ್ಲ ರೂಢಿಯಾದ ಕಗಪ ಕೀಲಿ ವಿನ್ಯಾಸ ಉಬುಂಟುವಿನ ಭಾಷಾ ಪಟ್ಟಿಯಲ್ಲೇ ಇದೆ, ಆಯ್ದುಕೊಂಡರೆ ಸಾಕು. ಲೋಹಿತ್, ಗುಬ್ಬಿ, ನವಿಲು ಎಂಬ ಸ್ವತಂತ್ರ ಕನ್ನಡ ಫಾಂಟುಗಳು ಸಿಗುತ್ತವೆ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಬಹುದು, ಕಣ್ಣಾಡಿಸಿ ತಿದ್ದಬೇಕು. ಈ ಕೆಲಸ ವಿಂಡೋಸ್‌ನಲ್ಲೇ ಉಳಿದರೂ ಮಾಡಬೇಕಾದದ್ದೇ. ಮೊಬೈಲಿನಲ್ಲಿ, ಗೂಗಲ್‌ನಲ್ಲಿ, ಇಲಾಖೆಯ ಪೋರ್ಟಲಿನಲ್ಲಿ ಓಡುವುದು ಯುನಿಕೋಡ್ ಕನ್ನಡ ಮಾತ್ರ. ನುಡಿಯೂ ಈಗ ಯುನಿಕೋಡ್ ಕೊಡುತ್ತದೆ. ಲಿನಕ್ಸ್‌ನ ಮೆನುಗಳು ಮಾತ್ರ ಕನ್ನಡದಲ್ಲಿ ಅರೆಬರೆ. ಸ್ವಯಂಸೇವಕರು ವರ್ಷಗಟ್ಟಲೆ ಅನುವಾದ ಮಾಡಿದ್ದಾರೆ, ಆದರೆ ಮಲಯಾಳಕ್ಕೆ ಸಿಕ್ಕಷ್ಟು ಕೈಗಳು ಕನ್ನಡಕ್ಕೆ ಸಿಗಲಿಲ್ಲ.

ಎರಡನೇ ತೊಡಕು ಪ್ರಿಂಟರ್. ನಮ್ಮ ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ಗೆ ಸುಲಭವಾಗಿ ಒಗ್ಗುವುದಿಲ್ಲ, ಅದರ ಡ್ರೈವರ್ ಹಳತು. ಎಚ್‌ಪಿಯ ಬಹುತೇಕ ಪ್ರಿಂಟರುಗಳಿಗೆ ಆ ಕಷ್ಟವಿಲ್ಲ. ಮೂರನೆಯದು ಸಂಬಳದ ಬಿಲ್ಲು. ಪ್ರೌಢಶಾಲೆಯ ಮುಖ್ಯ ಶಿಕ್ಷಕರು ವೇತನ ಬಟವಾಡೆ ಅಧಿಕಾರಿಯೂ ಹೌದು, ಖಜಾನೆಯ ವ್ಯವಹಾರಕ್ಕೆ ಡಿಜಿಟಲ್ ಸಹಿಯ ಡಾಂಗಲ್ ಬೇಕು, ಅದರ ತಂತ್ರಾಂಶವನ್ನು ವಿಂಡೋಸ್ ಯಂತ್ರದಲ್ಲಿ ಹೊಂದಿಸಿಟ್ಟಿರುತ್ತಾರೆ. ಓಎಸ್ ಬದಲಿಸುವ ಉತ್ಸಾಹದಲ್ಲಿ ಒಂದು ತಿಂಗಳ ಸಂಬಳ ತಡವಾದರೆ ಸ್ವತಂತ್ರ ತಂತ್ರಾಂಶದ ಚಳವಳಿ ಆ ತಾಲ್ಲೂಕಿನಲ್ಲಿ ಅಲ್ಲಿಗೇ ಮುಗಿದಂತೆ. ಇದಕ್ಕೆ ಮದ್ದು ಸುಲಭ: ಕಚೇರಿಯ ಯಂತ್ರವನ್ನು ಮುಟ್ಟಬೇಡಿ. ಅದು ವಿಂಡೋಸ್‌ನಲ್ಲೇ ಇರಲಿ. ಬದಲಾಗಬೇಕಾದ್ದು ಮಕ್ಕಳ ಲ್ಯಾಬು. ಶಾಲೆಗಳು ಬಳಸುವ ಸ್ಯಾಟ್ಸ್, ಯುಡೈಸ್, ದೀಕ್ಷಾ ಪೋರ್ಟಲುಗಳೆಲ್ಲವೂ ಬ್ರೌಸರಿನಲ್ಲಿ ತೆರೆಯುವಂಥವು, ಅವಕ್ಕೆ ಓಎಸ್ ಯಾವುದಾದರೂ ಸರಿ.

ಪೋಷಕರ ಪ್ರಶ್ನೆ ಬೇರೆ: 'ಹೊರಗೆಲ್ಲಾ ವಿಂಡೋಸೇ ಅಲ್ವಾ, ನಮ್ ಹುಡುಗ್ರಿಗೆ ಕೆಲ್ಸ ಯಾರ್ ಕೊಡ್ತಾರೆ?' ಇದನ್ನು ತಳ್ಳಿಹಾಕಬಾರದು. ದಾವಣಗೆರೆಯ ಮಂಡಿಗಳಲ್ಲಿ, ಚನ್ನಗಿರಿಯ ಅಡಿಕೆ ವ್ಯಾಪಾರದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಟ್ಯಾಲಿ ಬರಬೇಕು. ಬೆಂಗಳೂರಿನ ಕಂಪನಿಯೊಂದು ಮಾಡಿದ ಆ ತಂತ್ರಾಂಶ ಓಡುವುದು ವಿಂಡೋಸ್‌ನಲ್ಲಿ. ಆದರೆ ಎಂಟನೇ ತರಗತಿಯಲ್ಲಿ ಟ್ಯಾಲಿ ಕಲಿಸುವವರು ಯಾರೂ ಇಲ್ಲ. ಪಿಯುಸಿ ಮುಗಿಸಿ ಪೇಟೆಯ ಸೆಂಟರಿನಲ್ಲಿ ಕೆಲವು ತಿಂಗಳು ಕೂತರೆ ಬರುವ ವಿದ್ಯೆ ಅದು. ಲಿಬ್ರೆಆಫೀಸ್‌ನಲ್ಲಿ ಕೋಷ್ಟಕ ಮಾಡಿ ಮೊತ್ತ ಹಾಕಲು ಕಲಿತ ಹುಡುಗಿಗೆ ಎಕ್ಸೆಲ್ ಮುಂದೆ ಕೂತಾಗ ಹೊಸದಾಗಿ ಕಾಣುವುದು ಗುಂಡಿಗಳ ಜಾಗ ಮಾತ್ರ, ಲೆಕ್ಕ ಹಳೆಯದೇ. ಅಷ್ಟಕ್ಕೂ ಇವತ್ತು ಎಂಟನೇ ತರಗತಿಯಲ್ಲಿರುವವರು ಕೆಲಸಕ್ಕೆ ಸೇರುವ ಹೊತ್ತಿಗೆ ವಿಂಡೋಸ್ 11ರ ಕಾಲವೂ ಮುಗಿದಿರಬಹುದು. ಇನ್ನೊಂದು ಮಾತು, ಆ ಪೋಷಕರ ಅಂಗಿ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸ್ ಕರ್ನಲ್ಲೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟು ಬೇರೆ ಇಲ್ಲ.

ಲಿನಕ್ಸ್‌ಗೆ ಹೋಗಿ ವಾಪಸು ಬಂದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ ವರ್ಷಗಟ್ಟಲೆ ಶ್ರಮಪಟ್ಟು ತನ್ನ ಕಚೇರಿಗಳನ್ನು ಲಿನಕ್ಸ್‌ಗೆ ಒಯ್ದು, 2017ರಲ್ಲಿ ವಿಂಡೋಸ್‌ಗೆ ಮರಳುವ ನಿರ್ಧಾರ ಮಾಡಿತು. ಹೊರಗಿನವರೊಂದಿಗೆ ಕಡತ ಹಂಚಿಕೊಳ್ಳುವ ತಾಪತ್ರಯ, ನೌಕರರ ಗೊಣಗಾಟ, ಮೇಯರ್ ಬದಲಾದದ್ದು, ಎಲ್ಲ ಸೇರಿ ಹಾಗಾಯಿತು. ಕಚೇರಿಗೆ ಬಿದ್ದ ಈ ಪೆಟ್ಟು ಶಾಲೆಯ ಲ್ಯಾಬಿಗೆ ಅಷ್ಟಾಗಿ ತಾಗದು. ಎಂಟನೇ ತರಗತಿಯ ಮಗುವಿಗೆ ಇಪ್ಪತ್ತು ವರ್ಷದ ಹಳೆಯ ಕಡತಗಳಿಲ್ಲ, ಹಳೆಯ ರೂಢಿಯೂ ಇಲ್ಲ.

ಇಳುವರಿಯ ಮಾತಿಗೆ ಬರೋಣ. ನನಗೆ ಮುಖ್ಯವಾಗಿ ಕಾಣುವುದು ಮೂರೇ ವಿಷಯ. ಹಳೆಯ ಯಂತ್ರ ಇನ್ನಷ್ಟು ವರ್ಷ ಬದುಕುತ್ತದೆ. ಲುಬುಂಟು, ಕ್ಸುಬುಂಟುವಿನಂಥ ಹಗುರ ಆವೃತ್ತಿಗಳು 4 ಜಿಬಿ ರ‍್ಯಾಮ್‌ನಲ್ಲಿ ಸಲೀಸಾಗಿ ನಡೆಯುತ್ತವೆ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಅದರ ಖರ್ಚು ಹೊಸ ಕಂಪ್ಯೂಟರಿನ ಬೆಲೆಯ ಮುಂದೆ ತೀರಾ ಕಡಿಮೆ. 101ರಿಂದ 250 ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದಡಿ ನಿಗದಿಯಾದ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ, ಅದರಲ್ಲೇ ಸೀಮೆಸುಣ್ಣವೂ ದುರಸ್ತಿಯೂ ಆಗಬೇಕು. ಅಂಥ ಶಾಲೆಗೆ ಹತ್ತು ಹೊಸ ಕಂಪ್ಯೂಟರು ಕನಸು. ಹತ್ತು ಹಳೆಯವನ್ನು ಎಬ್ಬಿಸಿ ಕೂರಿಸುವುದು ಸಾಧ್ಯದ ಮಾತು.

ಎರಡನೆಯದು ವೈರಸ್. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಕಡತಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಉಳಿಯುವ ಪಾಡು ಶಾಲೆಯವರಿಗೆಲ್ಲ ಗೊತ್ತು. ಆ ವೈರಸ್ಸುಗಳು ವಿಂಡೋಸ್‌ಗೆಂದೇ ಬರೆದವು, ಲಿನಕ್ಸ್‌ನಲ್ಲಿ ಅವು ಸುಮ್ಮನೆ ಬಿದ್ದಿರುತ್ತವೆ. 'ಫಾರ್ಮ್ಯಾಟ್ ಮಾಡಿಸಬೇಕು ಸಾರ್' ಎಂದು ಸಿಪಿಯು ಹೊತ್ತು ಪೇಟೆಗೆ ಹೋಗುವ ಓಡಾಟ ತಪ್ಪುತ್ತದೆ. ಹಾಗೆ ಹೋದಾಗ ಅಂಗಡಿಯವರು ಹಾಕಿಕೊಡುವ ವಿಂಡೋಸ್‌ಗೆ ಎಷ್ಟೋ ಸಲ ಲೈಸೆನ್ಸ್ ಇರುವುದಿಲ್ಲ. ಕಳ್ಳ ಪ್ರತಿಯನ್ನು ಶಾಲೆಯಲ್ಲಿಟ್ಟುಕೊಂಡು ಮಕ್ಕಳಿಗೆ ನೀತಿಪಾಠ ಹೇಳುವುದು ಹೇಗೆ ಎಂಬ ಮುಜುಗರವೂ ತಪ್ಪುತ್ತದೆ.

ಮೂರನೆಯದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು. ಶಾಲೆಯಲ್ಲಿ ಬಳಸಿದ್ದನ್ನೇ ಮಗು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯಬಹುದು. ಅಣ್ಣನ ಹಳೆಯ ಲ್ಯಾಪ್‌ಟಾಪಿಗೆ ಹಾಕಬಹುದು, ಪಕ್ಕದ ಮನೆಯವರಿಗೆ ಕೊಡಬಹುದು. ಯಾರ ಅಪ್ಪಣೆಯೂ ಬೇಡ, ಕೊಟ್ಟರೆ ಕಾನೂನು ಮುರಿದಂತೆಯೂ ಅಲ್ಲ. ಆಕಾಶ ತೋರಿಸುವ ಸ್ಟೆಲೇರಿಯಂ, ಮೂಲಧಾತುಗಳ ಕಾಲ್ಝಿಯಂ, ಟೈಪಿಂಗ್ ಕಲಿಸುವ ಟಕ್ಸ್ ಟೈಪಿಂಗ್, ಚಿಕ್ಕವರ ಜಿಕಾಂಪ್ರಿ, ಎಲ್ಲವೂ ಪುಕ್ಕಟೆ ಸಿಗುತ್ತವೆ. ಇವುಗಳಲ್ಲಿ ಹಲವು ವಿಂಡೋಸ್‌ನಲ್ಲೂ ಓಡುತ್ತವೆ ಎಂಬುದನ್ನು ಲಿನಕ್ಸ್ ಭಕ್ತರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಓಎಸ್ ಬದಲಿಸಲು ಅಳುಕುವ ಶಾಲೆಗೆ ಅದೇ ಮೊದಲ ಮೆಟ್ಟಿಲಾಗಬಹುದು. ಈ ವರ್ಷ ಇರುವ ವಿಂಡೋಸ್ ಮೇಲೆಯೇ ಲಿಬ್ರೆಆಫೀಸ್, ಜಿಯೋಜೀಬ್ರಾ ಹಾಕಿ ಕಲಿಸಿ. ಮುಂದಿನ ವರ್ಷ ಕೆಳಗಿನ ಓಎಸ್ ಬದಲಾದರೂ ಮಕ್ಕಳಿಗೆ ಗೊತ್ತಾಗುವುದೂ ಇಲ್ಲ.

ಹಾಗಾದರೆ ತೀರ್ಪು? ಹೌದು, ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಲ್ಯಾಬುಗಳು ಲಿನಕ್ಸ್‌ಗೆ ಬರಬೇಕು. ಆದರೆ ಒಬ್ಬ ಉತ್ಸಾಹಿ ಮೇಷ್ಟ್ರು ಒಂಟಿಯಾಗಿ ಬದಲಿಸಬಾರದು. ಅವರಿಗೆ ಹೊನ್ನಾಳಿಯಿಂದ ಜಗಳೂರಿಗೆ ವರ್ಗವಾದ ಮರುದಿನ ಹೊಸಬರು ಪೇಟೆಯಿಂದ ಆಪರೇಟರ್ ಕರೆಸಿ ಮತ್ತೆ ವಿಂಡೋಸ್ ಹಾಕಿಸುತ್ತಾರೆ. ತಾಲ್ಲೂಕಿಗೆ ತಾಲ್ಲೂಕೇ ಒಂದೇ ಆವೃತ್ತಿಗೆ ಬರಬೇಕು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಬೇಸಿಗೆಯ ಒಂದು ವಾರದ ತರಬೇತಿ ಆಗಬೇಕು. ಶಾಲೆಗೊಬ್ಬ ಶಿಕ್ಷಕರನ್ನು ಹೆಸರಿಸಿ, ಅವರ ಮೇಲಿನ ಬೇರೆ ಹೊರೆ ಇಳಿಸಬೇಕು. ದಾವಣಗೆರೆಯಲ್ಲಿ 1951ರಿಂದ ನಡೆಯುತ್ತಿರುವ ಯುಬಿಡಿಟಿ ಇದೆ, ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದೆರಡು ಭಾನುವಾರ ಕೊಟ್ಟರೆ ಒಂದು ತಾಲ್ಲೂಕಿನ ಲ್ಯಾಬುಗಳಿಗೆ ಓಎಸ್ ಹಾಕುವ ಕೆಲಸ ಮುಗಿಯುತ್ತದೆ. ಲಿನಕ್ಸನ್ನು ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿರುವುದಕ್ಕೆ ಏನೂ ಆಗುವುದಿಲ್ಲ.

ಇಷ್ಟೆಲ್ಲ ಆದರೂ ಬೆಂಗಳೂರಿನಲ್ಲಿ ಒಂದು ಸಹಿ ಬೀಳದಿದ್ದರೆ ಕೆಲಸ ಪೂರ್ತಿಯಾಗದು. ಕಂಪ್ಯೂಟರ್ ಕಲಿಕೆಗೆ ವೇಳಾಪಟ್ಟಿಯಲ್ಲಿ ಕಡ್ಡಾಯ ಪೀರಿಯಡ್ ಬೇಕು, ಹತ್ತನೇ ತರಗತಿಯಲ್ಲಿ ಅದಕ್ಕೆ ಅಂಕ ಬೇಕು. ಕಾಸರಗೋಡಿನ ಕನ್ನಡ ಮಗುವಿಗೆ ಸಿಕ್ಕ ಆ 50 ಅಂಕ ಚನ್ನಗಿರಿಯ ಮಗುವಿಗೆ ಯಾಕೆ ಬೇಡ ಎಂದು ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳು ಸದನದಲ್ಲಿ ಕೇಳಲಿ. ಪೋಷಕರು ಅದಕ್ಕೆ ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ವಿಂಡೋಸೋ ಲಿನಕ್ಸೋ ಎಂದು ಕೇಳುವ ಮೊದಲು ಇದನ್ನು ಕೇಳಿ: ನಮ್ಮ ಮಕ್ಕಳಿಗೆ ವಾರಕ್ಕೆ ಎಷ್ಟು ಕಂಪ್ಯೂಟರ್ ಪೀರಿಯಡ್ ಇದೆ, ಅದನ್ನು ತೆಗೆದುಕೊಳ್ಳುವ ಮೇಷ್ಟ್ರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ.